ರತ್ನಂ ಮೇಷ್ಟ್ರ ಸೆರೆಂಡಿಪಿಟಿ

ಯಾವ ಇಂಗ್ಲಿಷ್ ಪದ ಸಿಕ್ಕರೂ ಮೊದಲು ಅದರ ಊರು ಯಾವುದೆಂದು ವಿಚಾರಿಸುವುದು ರತ್ನಂ ಮೇಷ್ಟ್ರ ಚಟ. 'ಚೆರೂಟ್ ಅಂದ್ರೆ ಚುರುಟು, ನಮ್ಮ ತಮಿಳು ಸೀಮೆಯಿಂದ ಹೋಗಿದ್ದು, ಬಂಗ್ಲೋ ಬಂಗಾಳದ್ದು' ಎಂದು ಅವರು ಹೇಳುವಾಗ, ಹೊಸ ನೆಂಟರ ಕುಲಗೋತ್ರ ಕೆದಕುವ ನಮ್ಮಜ್ಜಿಯ ನೆನಪಾಗಿ ನಗು ಬರುತ್ತಿತ್ತು. ಹಲಸೂರಿನಲ್ಲಿ ನಮ್ಮ ಪಕ್ಕದ ಒಂಟಿ ಕೋಣೆಯಲ್ಲಿ ಅವರ ವಾಸ. ಇಂಟರ್‌ಮೀಡಿಯೆಟ್ ಓದುತ್ತಿದ್ದ ನನಗೆ ಜಗಲಿಯ ಮೇಲೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು.

ಮೊದಲು ಬರ್ಮಾದ ರಂಗೂನಿನಲ್ಲಿ ಮೇಷ್ಟ್ರಾಗಿದ್ದವರು. ಯುದ್ಧದಲ್ಲಿ ಅಲ್ಲಿ ಬಾಂಬು ಬಿದ್ದಾಗ ಹೆಂಡತಿ ಸರೋಜಮ್ಮನನ್ನು 'ಹಲಸೂರಿಗೆ ಹೋಗಿರು' ಎಂದು ಮದ್ರಾಸಿನ ಹಡಗು ಹತ್ತಿಸಿ, ತಾವು ಕಾಡುದಾರಿಯಲ್ಲಿ ನಡೆದು ಬಂದರು. ಬಂದು ನೋಡಿದರೆ ಆಕೆ ಊರು ಸೇರಿಯೇ ಇರಲಿಲ್ಲ. ಅಂದಿನಿಂದ ದಿನಾ ಸಂಜೆ ದಂಡು ಸ್ಟೇಷನ್ನಿಗೆ ಹೋಗಿ, ಮದ್ರಾಸಿನ ರೈಲಿನಿಂದ ಇಳಿಯುವವರ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಆಕೆ ಸಿಗಲಿಲ್ಲ, ಬೇರೆಯವರು ಸಿಕ್ಕರು. ದಾರಿ ತಿಳಿಯದೆ ಅಳುತ್ತಿದ್ದ ಒಬ್ಬ ಮುದುಕಿಯನ್ನು ಈಗಿನ ಶಿವಾಜಿನಗರದಲ್ಲಿದ್ದ ಮಗನ ಮನೆಗೆ ಮುಟ್ಟಿಸಿದರು. ಆ ಮಗ ಇವರ ಕೈ ಹಿಡಿದುಕೊಂಡು, 'ಮಾಸ್ಟರ್‌ಸಾಬ್, ನೀವು ಸಿಕ್ಕಿದ್ದು ನಮ್ದು ನಸೀಬು' ಅಂದನಂತೆ.

ಅದನ್ನು ಹೇಳಿದ ದಿನವೇ ಹೊಸ ಪದ ಕಲಿಸಿದರು. 'ಸೆರೆಂಡಿಪಿಟಿ. ಊರು ಯಾವ್ದು, ಹೇಳು ನೋಡೋಣ?'

ನಾನು ಲಂಡನ್ ಅಂದೆ.

'ಅಲ್ಲಮ್ಮಾ, ಲಂಕೆ! ಅದರ ಹಳೇ ಹೆಸ್ರು ಸೆರೆಂದೀಪ್. ಅಲ್ಲಿನ ಮೂರು ಜನ ರಾಜಕುಮಾರರ ಕಥೆ ಇದೆ. ಹೋದ ಕಡೆಯೆಲ್ಲಾ ಅವ್ರಿಗೆ ಹುಡುಕದೇ ಇರೋದೇ ಸಿಗೋದು. ಅದನ್ನ ಓದಿದ ಒಬ್ಬ ಇಂಗ್ಲಿಷ್ ದೊರೆ ಈ ಪದ ಕಟ್ಟಿದ. ಹುಡುಕದೆ ಸಿಗೋ ಭಾಗ್ಯ ಅಂತ ಅರ್ಥ.' ಪುಸ್ತಕ ಮುಚ್ಚುತ್ತಾ, 'ನಾನು ಹುಡುಕ್ತಾ ಇದೀನಲ್ಲ, ಅದೇ ತಪ್ಪಿರ್ಬೇಕು' ಎಂದರು.

ತಮಾಷೆಗೆ ಅಂದರೆಂದುಕೊಂಡೆ. ಆದರೆ ಮರುದಿನದಿಂದ ಅವರು ಸ್ಟೇಷನ್ನಿನಲ್ಲಿ ರೈಲಿಗೆ ಬೆನ್ನು ಹಾಕಿ, ಪೇಪರು ಹಿಡಿದು ಕೂರತೊಡಗಿದರು. ಓದಿದ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ಬೀದಿಯವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ನಾನು ಮದುವೆಯಾಗಿ ಮದ್ರಾಸಿಗೆ ಹೋದೆ. ಮೊದಲ ಸಲ ತವರಿಗೆ ಬಂದು ರೈಲಿಳಿದಾಗ ಬೆಂಚಿನ ಮೇಲೆ ಅವರ ಬೆನ್ನು ಕಂಡಿತು. ಎಷ್ಟು ಇಳಿದುಹೋಗಿದ್ದರು! ಆದರೂ ನಮ್ಮ ಮೇಷ್ಟ್ರು ಸಿಕ್ಕರಲ್ಲ ಎಂಬ ಸಂತೋಷದಲ್ಲಿ ಹಿಂದೆಮುಂದೆ ನೋಡದೆ ಓಡಿಹೋಗಿ ಭುಜ ಮುಟ್ಟಿದೆ.

ಬಳೆಯ ಸದ್ದಿಗೆ ಅವರ ಕೈಯಿಂದ ಪೇಪರು ಜಾರಿತು. ತಿರುಗಿ ನೋಡಲಿಲ್ಲ. ನನ್ನೊಡನೆ ಯಾವಾಗಲೂ ಕನ್ನಡವನ್ನೇ ಆಡುತ್ತಿದ್ದವರು, ತಲೆ ತಗ್ಗಿಸಿ, ಬಂದುಬಿಟ್ಟೆಯಾ ಎಂದು ಮೆಲ್ಲಗೆ ತಮಿಳಿನಲ್ಲಿ ಕೇಳಿದರು: 'ಸರೋಜಾ, ವಂದುಟ್ಟಿಯಾ?'

ಭುಜದ ಮೇಲಿನ ಕೈಯನ್ನು ತೆಗೆಯಲಾಗದೆ ನಿಂತೆ.