ಒಗೆಯದ ಹನ್ನೊಂದು ಜೆರ್ಸಿಗಳು

೧೯೦೮ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಎಲ್ಮ್‌ಡೇಲ್ ಊರಿಗೆ ಹೊಸದಾಗಿ ಬಂದ ನನಗೆ ಹಲ್ಡಾ ಬೆಕ್ಮನ್ ಊರಿನ ದ್ರೋಹಿಯಂತೆ ಕಂಡಿದ್ದಳು. ಪ್ರತಿ ಶನಿವಾರ ಕಾಲೇಜು ಮೈದಾನದ ಬೇಲಿಗೆ ಆತುಕೊಂಡು ನಿಂತು, ಎದುರಾಳಿಗಳು ಯಾರೇ ಇರಲಿ, "ಹಾಂ, ಹಿಡ್ಕೊಳ್ರೋ! ಕೆಡವ್ರೋ ಅವನ್ನ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಕೆಡವಿಸಿಕೊಳ್ಳಬೇಕಾದವನು ಅವಳ ಮನೆಯಲ್ಲೇ ಉಂಡು ಮಲಗುವ ಹುಡುಗ! ಈಕೆಗೆ ಅಯೋವಾದ ಒಂದೊಂದು ಕಾಲೇಜಿನಲ್ಲೂ ಒಬ್ಬೊಬ್ಬ ಅಳಿಯನಿರಬೇಕು ಅಂದುಕೊಂಡಿದ್ದೆ. ಒಂದು ದಿನ ಅವಳ ಮನೆಯ ಹೊಸ್ತಿಲು ದಾಟಿದೆ. ಕಾರಣ ಮೂಗಿಗೇ ತಿಳಿಯಿತು.

ವಿಧವೆ ಹಲ್ಡಾ ಚೆಂಡನ್ನು ಕೈಯಲ್ಲೇ ಹೊತ್ತು ಓಡುವ ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ತಂಡದ ಹನ್ನೊಂದು ಹುಡುಗರಿಗೂ ಊಟ, ವಸತಿ, ಬಟ್ಟೆ ಒಗೆತ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಸೆಪ್ಟೆಂಬರಿನ ಮೊದಲ ಆಟವನ್ನು ಹುಡುಗರು ಹೇಗೋ ಗೆದ್ದುಬಿಟ್ಟರು. ಆ ಸಂಜೆ ಕೋಚ್ ಆರ್ವಿಲ್ ಪ್ರೂಯಿಟ್ ಮಹಾಶಯರು ಅವಳ ಊಟದ ಕೋಣೆಯ ಕುರ್ಚಿಯ ಮೇಲೆ ನಿಂತು, ಗೆಲುವಿನ ಗುಟ್ಟು ಉಣ್ಣೆಯ ಜೆರ್ಸಿಗಳಲ್ಲಿ ಇಳಿದಿದೆಯೆಂದೂ ಗೆಲ್ಲುತ್ತಿರುವಷ್ಟು ದಿನ ಅವು ನೀರು ಕಾಣಬಾರದೆಂದೂ ಘೋಷಿಸಿದರು. ಗುಟ್ಟು ಸೋರಿಹೋಗದಂತೆ ಅವು ಮನೆಯೊಳಗೇ, ಮುಂಗೋಣೆಯ ಬಾಗಿಲ ಪಕ್ಕದಲ್ಲೇ ನೇತಾಡಬೇಕಂತೆ. ಹಿಂದಿನ ವರ್ಷ ಈ ತಂಡ ಒಂದೇ ಒಂದು ಆಟ ಗೆದ್ದಿರಲಿಲ್ಲ. ಮುಂದಿನ ಶನಿವಾರದವರೆಗೆ ತಾನೇ ಎಂದುಕೊಂಡು ಹಲ್ಡಾ, "ಆಯ್ತು, ಗೆಲ್ತಾ ಇರೋ ತನಕ ಮುಟ್ಟಲ್ಲ" ಎಂದು ಮಾತು ಕೊಟ್ಟಳು.

ಹುಡುಗರು ಆರು ಆಟ ಸಾಲಾಗಿ ಗೆದ್ದರು.

ಅಕ್ಟೋಬರಿನ ಕೊನೆಗೆ ಜೆರ್ಸಿಗಳಿಗೆ ಮೊಳೆಯ ಹಂಗೇ ಇರಲಿಲ್ಲ. ಗೋಡೆಗೆ ಒರಗಿಸಿದರೆ ತಾವಾಗಿ ನಿಲ್ಲುತ್ತಿದ್ದವು. ಹಲ್ಡಾಳ ಸಂಕಟ ಬೇರೆಯೇ ಇತ್ತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ಬೆಳಿಗ್ಗೆ ಅದೇ ಮುಂಗೋಣೆಯಲ್ಲಿ ಮಗಳು ಮಿನ್ನಾಳ ಮದುವೆ. ಮನೆ ನೋಡಲು ಬಂದ ಬೀಗಿತ್ತಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಇಲ್ಲೆಲ್ಲೋ ಏನೋ ಸತ್ತಿದೆ. ಹೀಗೇ ಇದ್ರೆ ಮದುವೆ ನಮ್ಮನೇಲೇ ಆಗ್ಲಿ" ಎಂದು ಹೇಳಿಹೋಗಿದ್ದಳು. ಒಬ್ಬಳೇ ಮಗಳು, ತಾನು ಮದುವೆಯಾದ ಕೋಣೆ, ಅದನ್ನು ಹನ್ನೊಂದು ಅಂಗಿಗಳಿಗೆ ಬಿಟ್ಟುಕೊಡಬೇಕೆ?

ನಾಯಕ ಕ್ಲೈಡ್ ಟಟಲ್‌ನನ್ನು ಅಡಿಗೆಮನೆಯಲ್ಲಿ ತಡೆದು ಹಲ್ಡಾ ಕೇಳಿದಳು: "ಒಂದೇ ಒಂದು ಸಲ ಸೋಲೋಕೆ ನಿಮಗೇನಪ್ಪಾ ರೋಗ? ಹೋದ ವರ್ಷ ಎಷ್ಟು ಚೆನ್ನಾಗಿ ಸೋಲ್ತಿದ್ರಿ!"

"ಹೋದ ವರ್ಷ ಒಗೆದಿರೋ ಜೆರ್ಸಿ ಹಾಕ್ಕೊಂಡಿದ್ವಲ್ಲ, ಮದರ್ ಬೆಕ್ಮನ್."

ಥ್ಯಾಂಕ್ಸ್‌ಗಿವಿಂಗ್‌ಗೆ ಐದು ದಿನ ಮೊದಲು, ಮಳೆಯ ಕೆಸರಿನಲ್ಲಿ ಆಟ ಸೊನ್ನೆಗೆ ಸೊನ್ನೆಯಾಗಿ ಮುಗಿಯಿತು. ಹಲ್ಡಾ ಲಂಗ ಎತ್ತಿಕೊಂಡು ಕೆಸರಿಗಿಳಿದು ನೇರ ಕೋಚ್ ಮುಂದೆ ನಿಂತಳು.

"ಗೆಲ್ಲಲಿಲ್ಲ. ಸೋಮವಾರ ಒಗೀತೀನಿ."

"ಸೋತೂ ಇಲ್ವಲ್ಲ, ಮಿಸೆಸ್ ಬೆಕ್ಮನ್. ಇದರಲ್ಲಿ ಸೂಕ್ಷ್ಮ ವಿಚಾರ ಇದೆ, ಹೆಂಗಸರಿಗೆ ಅದು..."

"ನಿಮ್ಮ ಸೂಕ್ಷ್ಮ ನಮ್ಮ ಬೀದಿ ಕೊನೇವರೆಗೂ ನಾತ ಹೊಡೀತಿದೆ, ಕೋಚ್."

ಸೋಮವಾರ ಬೆಳಿಗ್ಗೆ ಪದ್ಧತಿಯಂತೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದಳು. ಒಣಗಿ ಸುಮ್ಮನಿದ್ದ ನಾತ ಒದ್ದೆಯಾದದ್ದೇ ತಡ ಎದ್ದು ಕುಳಿತಿತು. ಎರಡು ನೀರು, ಮೂರು ನೀರು, ಊಹೂಂ. ಉಣ್ಣೆಯನ್ನು ಕುದಿಸಬಾರದೆಂದು ಇಪ್ಪತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ್ದ ಹೆಂಗಸು ಆ ಮಧ್ಯಾಹ್ನ ತಾಮ್ರದ ಹಂಡೆಯನ್ನು ಒಲೆಗೇರಿಸಿ, ಕ್ಷಾರದ ಸೋಪು ಸುರಿದು, ಹನ್ನೊಂದನ್ನೂ ಕುದಿಸಿಬಿಟ್ಟಳು. ಹಗ್ಗದ ಮೇಲೆ ಒಣಗಿದ್ದನ್ನು ನೋಡಿದರೆ ಕುಗ್ಗಿ ಶಿಶುವಿಹಾರದ ಬಟ್ಟೆಗಳಂತಾಗಿದ್ದವು. ಮೂಸಿದಳು. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಗುರುವಾರ ಬೀಗಿತ್ತಿ ಮುಂಗೋಣೆಯ ಮೂರು ಮೂಲೆಗಳನ್ನು ಮೂಸಿ ನೋಡಿ, ನಾಲ್ಕನೆಯದರಲ್ಲಿ ಕುಳಿತಳು. ಮಿನ್ನಾಳ ಮದುವೆ ಅಲ್ಲೇ ಆಯಿತು.

ಮಧ್ಯಾಹ್ನ ಕೊನೆಯ ಆಟ. ಕಾಲೇಜಿಗೆ ಇದ್ದದ್ದೇ ಆ ಒಂದು ಸೆಟ್ಟು. ಹುಡುಗರು ಉಸಿರು ಬಿಗಿಹಿಡಿದು ತೂರಿಕೊಂಡರು, ಹೊಕ್ಕುಳೆಲ್ಲ ಹೊರಗೆ. ಕೋಚ್ ಹಣೆ ಹಣೆ ಚಚ್ಚಿಕೊಂಡರು. ಆಟ ಶುರುವಾದಾಗ ನೋಡಿದರೆ, ಚೆಂಡು ಅಪ್ಪಿಕೊಂಡು ಓಡುವವನನ್ನು ಹಿಡಿಯಲು ಎದುರಾಳಿಗಳಿಗೆ ಹಿಡಿಯಷ್ಟು ಬಟ್ಟೆಯೂ ಸಿಗುತ್ತಿಲ್ಲ! ಮೈಗೆ ಅಂಟಿದ ಉಣ್ಣೆಯ ಮೇಲೆ ಕೈಗಳು ಜಾರಿದ್ದೇ ಜಾರಿದ್ದು. ಹನ್ನೊಂದಕ್ಕೆ ಸೊನ್ನೆ, ಎಲ್ಮ್‌ಡೇಲ್ ಗೆದ್ದಿತು.

ಸಂಜೆಯೊಳಗೆ ಕೋಚ್ ಪ್ರೂಯಿಟ್ ಪತ್ರಿಕೆಯವನಿಗೆ, ಇದು ತಾವು ತಿಂಗಳುಗಟ್ಟಲೆ ಗುಟ್ಟಾಗಿ ರೂಪಿಸಿದ ವೈಜ್ಞಾನಿಕ ಯೋಜನೆಯೆಂದು ವಿವರಿಸಿ ಆಗಿತ್ತು. ಅವನು ಪೆನ್ಸಿಲ್ ಹಿಡಿದುಕೊಂಡು ಹಲ್ಡಾಳ ಅಡಿಗೆಮನೆಗೂ ಬಂದ. ಅವಳು ಮದುವೆಯ ತಟ್ಟೆಗಳನ್ನು ತೊಳೆಯುತ್ತಿದ್ದಳು.

"ಮಿಸೆಸ್ ಬೆಕ್ಮನ್, ಎದುರಾಳಿಗೆ ಹಿಡಿತ ಸಿಗದ ಹಾಗೆ ಉಣ್ಣೇನ ಎಷ್ಟು ಹೊತ್ತು ಕುದಿಸ್ಬೇಕು ಅನ್ನೋ ಲೆಕ್ಕಾಚಾರ ಹೇಗೆ ಮಾಡಿದ್ರಿ?"

"ನಾತ ಹೋಗೋ ತನಕ ಕುದಿಸ್ದೆ."