ಸುಮ್ಮನೆ ಹೋಗುವ ಕುರ್ಚಿಗಳು

ಅಪ್ಪ ಇವತ್ತು ‘ಹೂಂ’ ಅಂದುಬಿಟ್ಟರೆ?

ಶೆಡ್ಡಿನ ನಲ್ಲಿ ತಿರುಗಿಸುತ್ತ ಮಗಳು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಇಂಥದ್ದನ್ನು ಬಾಯಿಬಿಟ್ಟು ಕೇಳುವವರ ಪೈಕಿ ಅವಳಲ್ಲ. ತಿಂಡಿ ಹೊತ್ತಿಗೆ ಹೊಸ ಸಭಾಂಗಣದ ಮಾಲೀಕರು ಬರುತ್ತಾರೆ. ಇಲ್ಲಿರುವ ಕುರ್ಚಿಗಳನ್ನೆಲ್ಲ ವರ್ಷಪೂರ್ತಿ ತಮಗೊಬ್ಬರಿಗೇ ಬಿಟ್ಟುಕೊಡಿ ಎಂಬುದು ಅವರ ಮಾತು. ಅಪ್ಪ ಒಪ್ಪಿದರೆ ಶೆಡ್ಡು ಖಾಲಿ. ಒಪ್ಪಬೇಡ ಎನ್ನಲು ಅವಳಿಗೆ ಒಂದು ವಾರದಿಂದ ಬಾಯಿ ಬರುತ್ತಿಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಛಾವಣಿಯ ಕೆಳಗೆ ಅಪ್ಪ, ಊರಿನವರ ಬಾಯಲ್ಲಿ ‘ಕುರ್ಚಿ ಸಾಹುಕಾರ’, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಕುರ್ಚಿ ತೊಳೆಯುತ್ತಿದ್ದಾರೆ. ನಿನ್ನೆಯ ಮದುವೆಯಿಂದ ವಾಪಸು ಬಂದ ಲೋಡು. ಒಂದರ ಸೀಟಿಗೆ ಐಸ್‌ಕ್ರೀಮು ಮೆತ್ತಿದೆ, ಇನ್ನೊಂದರ ಬೆನ್ನಿಗೆ ಯಾವುದೋ ಮಗು ಪೆನ್ನಿನಲ್ಲಿ ಮೀಸೆ ಬರೆದಿದೆ. ತೊಳೆದದ್ದನ್ನು ಒರೆಸಿ, ನೆಲಕ್ಕಿಟ್ಟು, ಎರಡೂ ಅಂಗೈಯಿಂದ ಸೀಟನ್ನು ಒತ್ತಿ ನೋಡುತ್ತಾರೆ. ಕಾಲು ‘ಕಿರ್’ ಎಂದರೆ ಅದು ಪಕ್ಕಕ್ಕೆ.

“ಕೂತೋರು ಬಿದ್ರೆ ನಗೋಕೆ ನೂರು ಜನ, ಬೈಸ್ಕೊಳ್ಳೋಕೆ ನಾನೊಬ್ನೇ,” ಎನ್ನುತ್ತಾರೆ ಸಾಹುಕಾರರು. “ಊರನ್ನೆಲ್ಲ ಕೂರಿಸ್ತೀನಿ ನೋಡು ಮಗಳೇ, ನಂಗೆ ಮಾತ್ರ ಕೂರೋಕೆ ಟೈಮಿಲ್ಲ.”

ಮೂಲೆಯ ಹೊಲಿಗೆ ಯಂತ್ರದಲ್ಲಿ ಕುರ್ಚಿಯ ಕವರುಗಳಿಗೆ ಹೊಲಿಗೆ ಹಾಕುತ್ತಿರುವ ಹೆಂಡತಿ ತಲೆ ಎತ್ತುವುದಿಲ್ಲ. “ಇವ್ರು ಕೂತ್ರೆ ತಾನೇ! ನಮ್ಮ ಮದುವೆ ದಿನಾನೂ ಛತ್ರದ ಹಿಂದೆ ನಿಂತು ಕುರ್ಚಿ ಎಣಿಸ್ತಿದ್ರು. ನಮ್ಮಣ್ಣ ಹೋಗಿ ರಟ್ಟೆ ಹಿಡಿದು ಎಳ್ಕೊಂಡು ಬಂದ, ‘ಭಾವ, ಎಣಿಸಿದ್ದು ಸಾಕು, ಹುಡುಗಿ ಕಾಯ್ತಿದಾಳೆ’ ಅಂತ.”

“ಎರಡು ಕಮ್ಮಿ ಇತ್ತು ಕಣೇ ಅವತ್ತು,” ಎನ್ನುತ್ತಾರೆ ಗಂಡ, ಈಗಲೂ ಅದೇ ಬೇಸರದಲ್ಲಿ.

ಈಗ ಶೆಡ್ಡಿನಲ್ಲಿ ಆರುನೂರು ಕುರ್ಚಿಗಳಿವೆ, ನಲವತ್ತು ಮೇಜು, ಬಾಗಿಲು ಹಾಕಲು ಇಬ್ಬರು ಬೇಕಾಗುವ ಒಂದು ಹಳೇ ವ್ಯಾನು. ಮದುವೆಯ ದಿನಗಳಲ್ಲಿ ಐದಾರು ಕಡೆಗೆ ಲೋಡು ಹೋಗುತ್ತದೆ. ಈ ದುಡಿಮೆಯಲ್ಲೇ ಸಾಹುಕಾರರು ಇಬ್ಬರು ತಂಗಿಯರನ್ನು ಓದಿಸಿದ್ದಾರೆ, ಮಗಳನ್ನು ಪದವಿಯವರೆಗೆ ತಂದಿದ್ದಾರೆ. ಬೀದಿಯ ಶಾಲೆಯಲ್ಲಿ ಪರೀಕ್ಷೆ ಎಂದರೆ, ಆಸ್ಪತ್ರೆಯವರು ರಕ್ತದಾನದ ಶಿಬಿರ ಮಾಡಿದರೆ ಯಾರೂ ಕೇಳುವ ಮುಂಚೆಯೇ ಅವರ ವ್ಯಾನು ಗೇಟಿನ ಮುಂದೆ ನಿಂತಿರುತ್ತದೆ.

ಆದರೆ ಈ ಶೆಡ್ಡಿನ ನಿಜವಾದ ಕೆಲಸ ಇರುವುದು ಒಂದು ಮಾತಿನಲ್ಲಿ. ಇಲ್ಲಿ ಯಾರೂ ‘ಸಾವಿನ ಮನೆ’ ಎನ್ನುವುದಿಲ್ಲ. ‘ಸುಮ್ಮನೆ’ ಎನ್ನುತ್ತಾರೆ. ‘ಸುಮ್ಮನೆ ಐವತ್ತು’ ಎಂದರೆ ಐವತ್ತು ಕುರ್ಚಿ ಬಾಡಿಗೆಯಿಲ್ಲದೆ ಹೋಗಬೇಕು, ಸದ್ದಿಲ್ಲದೆಯೂ ಹೋಗಬೇಕು. ಹಾರನ್ ಕೂಡದು. ಕುರ್ಚಿಗಳನ್ನು ರಾಶಿಯಾಗಿ ಧಡಾರನೆ ಇಳಿಸದೆ ಒಂದೊಂದಾಗಿ ಕೈಯಲ್ಲಿ ಹಿಡಿದು ಇಡಬೇಕು. ಮೊದಲ ಕುರ್ಚಿ ಒಳಗೆ ಹೋಗಬೇಕು, ಆ ಮನೆಯ ಹಿರಿಯ ಹೆಂಗಸಿಗೆ.

“ನಮ್ಮಪ್ಪ ಹೋದಾಗ ನಾನು ಬೇರೆಯೋರ ಅಂಗಡೀಲಿ ಕುರ್ಚಿ ಹೊರ್ತಿದ್ದೆ,” ಎನ್ನುತ್ತಾರೆ ಸಾಹುಕಾರರು, ಯಾಕೆಂದು ಕೇಳಿದವರಿಗೆ. “ಬಂದ ಜನ ಬೀದೀಲಿ ನಿಂತಿದ್ರು. ಅಮ್ಮನ್ನ ಒಂದು ಎಣ್ಣೆ ಡಬ್ಬ ಬೋರಲು ಹಾಕಿ ಕೂರಿಸಿದ್ರು. ಯಾರ್ದೂ ತಪ್ಪಿಲ್ಲ, ಮನೇಲಿ ಇದ್ದಿದ್ದೇ ಅಷ್ಟು. ಆದ್ರೆ ಅದು ಕಣ್ಣಿಂದ ಹೋಗಲ್ಲ. ನಂಗಿರೋದು ಒಂದೇ ಆಸೆ. ಈ ಊರಲ್ಲಿ ಇನ್ಯಾರ ಅಮ್ಮನೂ ಡಬ್ಬದ ಮೇಲೆ ಕೂರಬಾರ್ದು.”

ಮಗಳು ಪದವಿ ಮುಗಿಸಿ ಬಂದ ಮೇಲೆ ಫೋನು ಅವಳ ಪಾಲಿಗೆ ಬಂದಿದೆ. ವ್ಯಾನು ಯಾವ ದಾರಿಯಲ್ಲಿ ಹೋದರೆ ಎರಡು ಮನೆ ಒಟ್ಟಿಗೆ ಮುಗಿಯುತ್ತದೆ ಎಂದು ಯೋಚಿಸುವುದು ಅವಳಿಗೆ ಖುಷಿ. ಫೋನಿನಲ್ಲಿ ಮಾತಾಡುವುದೇ ಕಷ್ಟ. ಹೋದ ವಾರ ಒಬ್ಬರು ಕರೆ ಮಾಡಿ, “ಮನೇಲೊಂದು ಚಿಕ್ಕ ಕಾರ್ಯಕ್ರಮ, ಸುಮ್ನೆ ಒಂದೈವತ್ತು ಕುರ್ಚಿ ಕಳ್ಸಮ್ಮ,” ಎಂದರು. ಅವಳು ವಿಳಾಸ ಬರೆದುಕೊಂಡು, ಕೇಳಿದ್ದನ್ನು ಕೇಳಿದ ಹಾಗೆಯೇ ಡ್ರೈವರಿಗೆ ದಾಟಿಸಿದಳು: “ಸುಮ್ನೆ ಐವತ್ತು.”

ಡ್ರೈವರು ಹಾರನ್ ಹೊಡೆಯದೆ, ತಲೆ ತಗ್ಗಿಸಿ, ಮೊದಲ ಕುರ್ಚಿಯನ್ನು ಒಳಗೆ ಒಯ್ದು ಅಲ್ಲಿದ್ದ ಹಿರಿಯ ಹೆಂಗಸಿನ ಮುಂದಿಟ್ಟ. “ಕೂತ್ಕೊಳ್ಳಿ ಅಮ್ಮಾ. ಧೈರ್ಯ ತಗೊಳ್ಳಿ.”

ಹೊಸ ಬಟ್ಟೆ ಉಟ್ಟು ನಿಂತಿದ್ದ ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, “ಯಾಕಪ್ಪಾ, ಎಪ್ಪತ್ತು ತುಂಬಿದ್ರೆ ಅಷ್ಟೊಂದು ಧೈರ್ಯ ಬೇಕಾ?” ಎಂದರಂತೆ. ಮಗ ಬಾಡಿಗೆ ಕೊಡಲು ಬಂದರೆ ಡ್ರೈವರು ಕೈ ಮುಗಿದು, “ಇಂಥದ್ದಕ್ಕೆಲ್ಲ ನಾವು ದುಡ್ಡು ಮುಟ್ಟಲ್ಲ ಸಾರ್,” ಎಂದನಂತೆ.

ಕಥೆ ಕೇಳಿ ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಟ್ಟುಹಬ್ಬದ ಅಮ್ಮನೂ ಫೋನು ಮಾಡಿ, “ನಾನಿನ್ನೂ ಇದೀನಿ ಅಂತ ನಿಮ್ಮ ಡ್ರೈವರಿಗೆ ಹೇಳಿ,” ಎಂದು ನಕ್ಕರು. ಮಗಳು ಮಾತ್ರ ನಗಲಿಲ್ಲ. ಆವತ್ತಿನಿಂದ ಬಾಯಿಗೆ ಬೀಗ. ಅಪ್ಪ ಅದನ್ನು ನೋಡಿದರು, ತಮಗೆ ತೋಚಿದಂತೆ ಅರ್ಥ ಮಾಡಿಕೊಂಡರು. ಮೊದಲು ‘ಆಗಲ್ಲ’ ಎಂದು ತಾವೇ ಕಳಿಸಿಬಿಟ್ಟಿದ್ದ ಸಭಾಂಗಣದ ಮಾಲೀಕರಿಗೆ ಮರುದಿನವೇ ತಾವಾಗಿ ಫೋನು ಮಾಡಿದರು.

ಮಾಲೀಕರು ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಒಳ್ಳೆಯ ಮನುಷ್ಯರೇ, ಮಾತೂ ನೇರ. “ನಿಮಗೂ ವಯಸ್ಸಾಯ್ತು ಸಾಹುಕಾರ್ರೇ. ಲೋಡು ಹತ್ಸೋದು ಇಳ್ಸೋದು ತಪ್ಪುತ್ತೆ. ಮಗಳಿಗೂ ನಮ್ಮ ಆಫೀಸಲ್ಲಿ ಒಂದು ಕೆಲಸ. ಫ್ಯಾನು, ಮೆತ್ತನೆ ಸೀಟು.”

“ಯಾರಾದ್ರೂ ತೀರ್ಕೊಂಡಾಗ...” ಸಾಹುಕಾರರು ಒದ್ದೆ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾರೆ. “ಆಗ ಒಂದೈವತ್ತು ಹೊರಗೆ ಕೊಡ್ಬಹುದಾ?”

“ಅದಾಗಲ್ಲ. ಆ ಹೊತ್ತಿಗೇ ನಮ್ಮಲ್ಲೂ ಮದುವೆ ಇದ್ರೆ? ಒಂದು ಸಲ ನಮ್ಮ ಸಭಾಂಗಣಕ್ಕೆ ಬಂದ ಮೇಲೆ ಒಂದು ಸ್ಟೂಲೂ ಹೊರಗೆ ಹೋಗಲ್ಲ. ಮುಂಚೇನೇ ಹೇಳಿಬಿಡ್ತೀನಿ.”

ಹೊಲಿಗೆ ಯಂತ್ರ ನಿಂತಿದೆ. ಸಾಹುಕಾರರು ತೊಳೆದಿಟ್ಟ ಕುರ್ಚಿಯೊಂದನ್ನು ಎತ್ತಿ ಸಾಲಿಗೆ ಸೇರಿಸುತ್ತಾರೆ. ಆಮೇಲೆ ಹೆಂಡತಿಯ ಕಡೆ ತಿರುಗಿ, ದನಿ ತಗ್ಗಿಸಿ ಹೇಳುತ್ತಾರೆ, “ನಂದೇನು, ನಾನು ಹೇಗೋ ನಡೆಸ್ತೀನಿ. ಮಗು ಓದಿದಾಳೆ. ಈ ಧೂಳಲ್ಲಿ ಕೂತು ಯಾರೋ ಸತ್ತಿದ್ದು, ಯಾರೋ ಹುಟ್ಟಿದ್ದು ಅಂತ ಫೋನೆತ್ತೋದು ಅವಳಿಗೆ ನಾಚ್ಕೆ ಕಣೇ. ಆ ಡ್ರೈವರ್ ವಿಷಯ ಆದ ಮೇಲೆ ನನ್ನ ಮುಖ ನೋಡಿ ಮಾತಾಡಿಲ್ಲ. ನನ್ನ ಹಟಕ್ಕೆ ಅವಳನ್ನ ಇಲ್ಲಿ ಕಟ್ಟಿಹಾಕೋದು ಬೇಡ.”

ನಲ್ಲಿಯ ಪಕ್ಕ ನಿಂತಿರುವ ಮಗಳಿಗೆ ಕೇಳಿಸುತ್ತದೆ. ತನ್ನ ಮೌನ ಹೀಗೆ ಅರ್ಥವಾಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಾಚಿಕೆ ಆಗಿದ್ದು ಹೌದು. ಇಷ್ಟವಾದ ಕೆಲಸವೊಂದನ್ನು ಕೆಡಿಸಿಬಿಟ್ಟೆನಲ್ಲ, ಇನ್ನು ಅಪ್ಪ ಫೋನು ವಾಪಸು ತೆಗೆದುಕೊಂಡುಬಿಡುತ್ತಾರಲ್ಲ ಎಂದು. ವಾರವಿಡೀ ಹೆದರಿದ್ದು ಅದಕ್ಕೆ.

ಮಾಲೀಕರು ಕೈ ಚಾಚುತ್ತಾರೆ. “ಹಾಗಾದ್ರೆ ಹೂಂ ತಾನೇ?”

ಸಾಹುಕಾರರ ಕೈಯೂ ಅರ್ಧ ಮೇಲೆದ್ದಿದೆ. ಮಗಳು ಒದ್ದೆ ನೆಲದ ಮೇಲೆ ಎರಡು ಹೆಜ್ಜೆ ಮುಂದೆ ಬರುತ್ತಾಳೆ. ದನಿ ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬರುತ್ತದೆ, ಹೊರಗೆ ವ್ಯಾನು ಒರೆಸುತ್ತಿರುವ ಡ್ರೈವರಿಗೂ ಕೇಳಿಸುವಷ್ಟು.

“ಕೊಡ್ಬೇಡ ಅಪ್ಪಾ. ನಂಗೆ ಈ ಕೆಲಸ ಬೇಕು.”