ಹೊಸ ರೆಕಾರ್ಡಿನಲ್ಲಿ ಹೆಚ್ಚಾದ ನುಡಿ

ರೆಕಾರ್ಡು ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದು: ಮಾರುವವನನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಕವರಿನ ಚಂದ ಬಿಡಿ, ಸೂಜಿ ಇಟ್ಟು ಕೇಳಿ. ವಿಜಯಪುರದ ಜಲನಗರದ ನೌಕರಸ್ಥರಿಗೆ ಮೊದಲು ಸಿತಾರ್ ಕೊಡುತ್ತೇನೆ, ಆಮೇಲೆ ಗಜಲ್, ಕಿವಿ ಪಳಗಿದ ಮೇಲೆ ಜಾಝ್. ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರಂತೂ ಈಗ ಜಾಝ್ ಬಿಟ್ಟು ಬೇರೇನೂ ಕೇಳುವುದಿಲ್ಲ. ತತ್ವಪದಕ್ಕೆ ಮಾತ್ರ, ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದು ಒಳ್ಳೆಯದು. ಕರಕರ ಇಲ್ಲ, ಮಾತು ಸ್ಪಷ್ಟ.

ಅಂಥದ್ದೊಂದನ್ನು ಹಿಡಿದು ಬಬಲೇಶ್ವರದ ಒಬ್ಬ ಅಜ್ಜಿಯ ಮನೆಗೆ ಹೋದೆ. ಅದೇ ಹಾಡಿನ ಮೊದಲ ಅಚ್ಚು ಆಕೆಯ ಬಳಿ ಇತ್ತು, ಅತ್ತೆಯ ಕಾಲದ್ದು. ಅದಕ್ಕೊಬ್ಬ ಗಿರಾಕಿ ನನ್ನಲ್ಲಿ ಕಾದಿದ್ದ. ಹೊಸದನ್ನು ಕೊಡುತ್ತೇನೆ, ಹಳೆಯದನ್ನು ಕೊಡಿ ಎಂದೆ.

“ಹೊಸಾದು ಅಷ್ಟ್ ಛಲೋ ಐತಿ ಅಂದ್ರ ಹಳೇದು ನಿನಗ್ಯಾಕ ಬೇಕೋ ತಮ್ಮಾ?”

“ಎರಡೂ ಕೇಳಿ ನೋಡ್ರಿ ಆಯಿ,” ಎಂದೆ.

ಮನೆಯ ಗ್ರಾಮಫೋನ್ ಮಶಿನ್ನಿನ ಮೇಲೆ ಮೊದಲು ತನ್ನದನ್ನು ಹಾಕಿಸಿದಳು. ಕೊನೆಯ ನುಡಿಗೆ ಮುಂಚೆ ಒಮ್ಮೆ ‘ಟಕ್’ ಎಂದಿತು. ರೊಟ್ಟಿ ಬಡಿಯುತ್ತ ಗುನುಗುತ್ತಿದ್ದ ಸೊಸೆ ಅಲ್ಲೇ ಒಂದು ಪೆಟ್ಟು ಜೋರಾಗಿ ಹಾಕಿದಳು, ಅದೂ ತಾಳವೆಂಬಂತೆ. ಆಮೇಲೆ ನನ್ನದು. ‘ಟಕ್’ ಬರಲಿಲ್ಲ. ಸೊಸೆ ಕೊನೆಯ ನುಡಿ ಎತ್ತಿಕೊಂಡರೆ ರೆಕಾರ್ಡು ಬೇರೆಯದೇ ನುಡಿ ಹಾಡಿತು. ರೊಟ್ಟಿಯ ಸದ್ದು ನಿಂತಿತು.

“ಇದನ್ನ ಯಾರ್ ತುರುಕ್ಯಾರೋ? ಹಾಲಿಗೆ ನೀರ್ ಬೆರಸಿದಂಗ!” ಎಂದಳು ಅಜ್ಜಿ.

ನನಗೂ ಸಂಶಯ ಬಂತು. ಹಳೆಯದನ್ನು ಬಿಸಿಲಿಗೆ ಹಿಡಿದೆ. ಪ್ರತಿ ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಮಶಿನ್ನಿನ ಜೊತೆ ರೆಕಾರ್ಡಿಗೂ ಕುಂಕುಮ ಹಚ್ಚಿದ್ದರು. ಅದು ಗೆರೆಗಳಲ್ಲಿ ಗಟ್ಟಿಯಾಗಿ ಕೂತು, ಸೂಜಿ ಒಂದು ನುಡಿಯನ್ನೇ ಹಾರಿ ಮುಂದಕ್ಕೆ ಜಾರುತ್ತಿತ್ತು. ಇಂಥದ್ದನ್ನು ನನ್ನ ಗಿರಾಕಿ ಮುಟ್ಟುವುದಿಲ್ಲ. ಅದನ್ನು ತೋರಿಸಿ, “ಹಳೇದು ನಿಮ್ಮ ಹಂತ್ಯಾಕನ ಇರ್ಲಿ ಆಯಿ,” ಎಂದೆ.

“ಆಗ ಬೇಕಂದಿ, ಈಗ ಒಲ್ಲೆ ಅಂತಿ. ಏನ್ ಕಂಡಿ ಅದರಾಗ?”

“ಕುಂಕುಮಾ ಕಂಡೇನ್ರಿ.”

“ಬಂಗಾರನ ಕಂಡಿರಬೇಕ ಲೇ!”

ಸೊಸೆ ನಕ್ಕಳು. ಅಜ್ಜಿ ನಗಲಿಲ್ಲ. ಹೊಸದನ್ನು ಮತ್ತೆ ಹಾಕಿಸಿ, ಆ ನುಡಿ ಬಂದಾಗ ಕೈ ಎತ್ತಿ ನಮ್ಮನ್ನು ಸುಮ್ಮನಾಗಿಸಿದಳು.

“ನಮ್ಮತ್ತಿ ಇದನ್ನ ಹಾಡಾಕಿ,” ಎಂದಳು ಕೊನೆಗೆ. “ರೆಕಾರ್ಡಿನ್ಯಾಗ ಇಲ್ಲ, ಮುದುಕಿಗೆ ಅರುಳು ಮರುಳು ಅಂತ ನಾವೆಲ್ಲಾ ನಗ್ತಿದ್ವಿ.”

ಹೊಸದನ್ನು ಕೊಂಡಳು. ಹಳೆಯದನ್ನು ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಕೀಲಿ ಹಾಕಿದಳು. ನಾನು ಹೊರಟಾಗ ಅಡ್ಡ ನಿಂತಳು.

“ಚೀಲಾ ಬಿಚ್ಚಿ ತೋರ್ಸು. ಬಿಸಿಲಿಗೆ ಹಿಡಿದಾಗ ಬದಲ್ ಮಾಡಿಲ್ಲಂತ ಹ್ಯಾಂಗ ನಂಬ್ಲಿ?”

ಬಿಚ್ಚಿ ತೋರಿಸಿದೆ.